ಅಮೃತಶಿಲೆಯಲ್ಲೊಂದು ತೂತು

ಮೈಸೂರು
ಯುಗಾದಿಯ ಮರುದಿನ

ಚಿ. ಪುಟ್ಟಿಗೆ, ಹಬ್ಬದ ಓಡಾಟಕ್ಕೆ ನಿನ್ನ ದೊಡ್ಡಮ್ಮನ ಮಂಡಿನೋವು ಒಂದಿಷ್ಟು ಕೆರಳಿದೆ.

ನಿನ್ನೆ ನೀನು ಫೋನಿನಲ್ಲಿ ‘ಮಿಲಾನ್’ ಅಂದಾಗ ನಾನು ಎಲೆ ಮುಂದೆ ಕೂತಿದ್ದೆ. ಹೋಳಿಗೆಗೆ ತುಪ್ಪ ಬಡಿಸಲು ಬಂದ ದೊಡ್ಡಮ್ಮ ಮಿಳ್ಳೆ ಹಿಡಿದು ನಿಂತೇ ಇದ್ದಳು, ನನಗೆ ಎಚ್ಚರವೇ ಇಲ್ಲ. ‘ಆಫೀಸಿನವರು ಕಳಿಸ್ತಿದಾರೆ ದೊಡ್ಡಪ್ಪ, ಏಪ್ರಿಲ್‌ನಲ್ಲಿ, ಒಂದು ವಾರ. ಏನೇನು ನೋಡಲಿ ಹೇಳಿ’ ಅಂದೆ. ಎಂಜಲು ಕೈಯಲ್ಲಿ ಫೋನು ಹಿಡಿದು ಹೇಳುವಂಥದ್ದೇ ಅದು? ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮ್ಮಪ್ಪ ನೋಡಿದರೆ ‘ಅಣ್ಣನ ಪುರಾಣ ಶುರುವಾಯ್ತು’ ಅಂತ ನಗುತ್ತಾನೆ. ನಗಲಿ.

ನಾನು ಅಲ್ಲಿಗೆ ಹೋದದ್ದು ಒಂದೇ ಸಲ, 2008ರಲ್ಲಿ. ಹೇಗೆ ಹೋದೆ ಅನ್ನುವುದು ನಿನಗೆ ಗೊತ್ತಿರಲಾರದು, ಆಗ ನೀನು ಮೂರನೇ ಕ್ಲಾಸೋ ಏನೋ. ಬೆಂಗಳೂರಿನಲ್ಲಿ ವಿದೇಶಿ ಸೋಫಾ, ಮಂಚ ತರಿಸಿ ಮಾರುವ ಒಬ್ಬ ವ್ಯಾಪಾರಿ ಇದ್ದ. ಗಟ್ಟಿ ಮರ ಅಂದುಕೊಂಡು ಒಂದು ಕಂಟೇನರ್ ತುಂಬ ಮಾಲು ತರಿಸಿದ್ದ. ಬಂದು ನೋಡಿದರೆ ಒಳಗೆಲ್ಲ ಒತ್ತಿದ ಹೊಟ್ಟಿನ ಹಲಗೆ, ಮೇಲೆ ಕಾಗದದಷ್ಟು ತೆಳ್ಳನೆಯ ಮರದ ಪದರ. ಆಮೇಲೆ ಅವನಿಗೆ ಮರ ಗೊತ್ತಿರುವವನೊಬ್ಬ ಜೊತೆಗಿರಬೇಕು ಅನ್ನಿಸಿತು. ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ, ಮರವನ್ನು ಬೆರಳಲ್ಲಿ ತಟ್ಟಿ ಹೇಳಿದರೆ ಸಾಕು ಅಂದ. ಹೀಗೆ, ಬೀಟೆ ಮರದ ಕುಸುರಿ ಮಾಡಿಕೊಂಡಿದ್ದ ನಿನ್ನ ದೊಡ್ಡಪ್ಪ ಸ್ವೆಟರು ಸಾಲ ಮಾಡಿ ಇಟಲಿಗೆ ಹೋದ.

ಹೋದದ್ದು ಅಲ್ಲಿಯ ಪೀಠೋಪಕರಣದ ಜಾತ್ರೆಗೆ, ಹೆಸರು ಸಲೋನೆ ದೆಲ್ ಮೊಬಿಲೆ. ಜಾತ್ರೆ ಅಂತಲೇ ಅನ್ನುತ್ತೇನೆ, ನೀವು ಫೇರ್ ಅನ್ನಿ, ಫೆಸ್ಟಿವಲ್ ಅನ್ನಿ. ಇಟಲಿಯ ಪೀಠೋಪಕರಣದವರು ತಮ್ಮ ಮಾಲನ್ನು ಹೊರದೇಶಗಳಿಗೆ ಮಾರುವ ಉದ್ದೇಶದಿಂದ 1961ರಲ್ಲಿ ಶುರುಮಾಡಿದ್ದು. ಮೊದಲು ಸೆಪ್ಟೆಂಬರಿನಲ್ಲಿ ನಡೆಯುತ್ತಿತ್ತು, 1991ರಿಂದ ಏಪ್ರಿಲ್‌ಗೆ ಬಂತು. ಊರ ಹೊರಗೆ ರೋ ಎಂಬಲ್ಲಿ ಮಸ್ಸಿಮಿಲಿಯಾನೊ ಫುಕ್ಸಾಸ್ ಕಟ್ಟಿದ ಮೈದಾನವಿದೆ, ಮೆಟ್ರೋದ ಕೆಂಪು ಲೈನು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಒಂದು ಕಿಲೋಮೀಟರಿಗೂ ಉದ್ದದ ನಡುದಾರಿ, ಅದರ ಮೇಲೆ ಗಾಳಿಗೆ ಹಾರಿದ ಸೆರಗಿನ ಹಾಗೆ ಗಾಜಿನ ಚಾವಣಿ. ಚೆನ್ನಾಗಿದೆ, ಆದರೆ ಕಾಲಿಗೆ ಅದು ಚೆನ್ನಾಗಿರುವುದಿಲ್ಲ. ಹೊಸ ಬೂಟು ಹಾಕಿಕೊಂಡು ಹೋಗಬೇಡ. ಈಚಿನ ವರ್ಷಗಳಲ್ಲಿ ಆರು ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ನಮ್ಮ ದಸರೆಯ ಜನ ನೋಡಿದವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ದಸರೆಯಲ್ಲಿ ಆನೆ ನಡೆಯುತ್ತದೆ, ಜನ ನಿಂತಿರುತ್ತಾರೆ. ಇಲ್ಲಿ ಎಲ್ಲ ತಿರುಗುಮುರುಗು.

ಮೊದಲ ದಿನ ನನಗೆ ಏನೂ ಕಾಣಲಿಲ್ಲ ಪುಟ್ಟಿ. ನಿಜ ಹೇಳುತ್ತೇನೆ. ಮಳಿಗೆಯ ಮೇಲೆ ಮಳಿಗೆ, ಒಂದೊಂದೂ ಒಂದು ಮನೆಯಷ್ಟು. ಬಿಳಿ ಸೋಫಾ, ಬೂದು ಸೋಫಾ, ಬಿಳಿಗೂ ಬೂದಿಗೂ ನಡುವಿನ ಸೋಫಾ. ನಿಂಬೆಹಣ್ಣು ತುಂಬಿದ ಗಾಜಿನ ಬಟ್ಟಲು ಇಲ್ಲದ ಮೇಜೇ ಇಲ್ಲ. ಎರಡನೆಯ ದಿನ ಮಧ್ಯಾಹ್ನ ತಲೆ ಧಿಮ್ಮೆಂದು ಒಂದು ಕಡೆ ಕೂತುಬಿಟ್ಟೆ. ಎದುರಿಗೆ ಒಂದು ದೀಪ. ನೀನು ನೂರು ಸಲ ಚಿತ್ರದಲ್ಲಿ ನೋಡಿರುತ್ತೀಯ. ಆಯತಾಕಾರದ ಅಮೃತಶಿಲೆಯ ಬುಡ, ಅದರಿಂದ ಉಕ್ಕಿನ ಕಂಬಿ ಕಮಾನಾಗಿ ಬಾಗಿ, ಆ ತುದಿಯಲ್ಲಿ ಬೋಗುಣಿಯಂಥ ದೀಪ. ‘ಆರ್ಕೊ’. ಅಕೀಲೆ ಕಾಸ್ತಿಲ್ಯೋನಿ ಮತ್ತು ಅವರಣ್ಣ ಪಿಯೆರ್ ಜಾಕೊಮೊ 1962ರಲ್ಲಿ ಮಾಡಿದ್ದು.

ನನ್ನ ಕಣ್ಣು ಕಮಾನಿನ ಮೇಲೆ ಹೋಗಲಿಲ್ಲ. ಕಲ್ಲಿನ ಮೇಲೆ ಹೋಯಿತು. ಅದರಲ್ಲೊಂದು ದುಂಡನೆಯ ತೂತು. ಅಲಂಕಾರಕ್ಕೆ ಕೊರೆದದ್ದೋ? ಅಲಂಕಾರಕ್ಕಾದರೆ ಅಲ್ಲಿ ಯಾಕೆ? ಬೆರಳು ಹಾಕಿ ನೋಡುತ್ತಿದ್ದೆ. ಮಳಿಗೆಯ ಹುಡುಗಿ ಬಂದಳು. ಬೈಯುತ್ತಾಳೆ ಅಂದುಕೊಂಡರೆ, ಎರಡೂ ಕೈಯಿಂದ ಕೋಲು ಹಿಡಿದು ಗುಡಿಸುವಂತೆ ಅಭಿನಯಿಸಿದಳು, ಆಮೇಲೆ ಎತ್ತುವಂತೆ. ಅರ್ಥವಾಯಿತು! ಆ ಕಲ್ಲು ಅರವತ್ತೈದು ಕೆಜಿ. ಒಬ್ಬರಿಂದ ಎತ್ತಲಾಗದು. ಪೊರಕೆಯ ಕೋಲನ್ನು ತೂತಿನಲ್ಲಿ ತೂರಿಸಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದರೆ ದೀಪ ಜಾಗ ಬದಲಿಸುತ್ತದೆ. ಕಲ್ಲಿನ ಮೂಲೆಗಳನ್ನು ಸವರಿದ್ದಾರೆ, ಓಡಾಡುವವರ ಕಾಲಿಗೆ ತಗಲದಿರಲಿ ಅಂತ. ಕಮಾನು ಅಷ್ಟು ದೂರ ಚಾಚಿರುವುದೂ ಅಂದಕ್ಕಲ್ಲ. ಊಟದ ಮೇಜಿನ ಮೇಲೆ ಬೆಳಕು ಬೀಳಬೇಕು, ಕೂತವರ ಬೆನ್ನ ಹಿಂದೆ ಬಡಿಸುವವರು ತಟ್ಟೆ ಹಿಡಿದು ಹೋಗಲು ಜಾಗವೂ ಇರಬೇಕು.

ಪುಟ್ಟಿ, ಆ ಕ್ಷಣಕ್ಕೆ ನನಗೆ ಜಾತ್ರೆ ಕಾಣಿಸತೊಡಗಿತು. ಬೆಳಕಲ್ಲಿ ಕೂತು ಓದುವವನನ್ನು ಯಾವ ಡಿಸೈನರಾದರೂ ನೆನೆಯುತ್ತಾನೆ. ದೀಪ ಹೊರುವವರನ್ನು, ಅದರ ಸುತ್ತ ಗುಡಿಸುವವರನ್ನು, ಬಡಿಸುವವರನ್ನು ನೆನೆದನೋ ಇಲ್ಲವೋ? ಆಮೇಲೆ ಉಳಿದ ನಾಲ್ಕು ದಿನವೂ ನಾನು ಹುಡುಕಿದ್ದು ಆ ತೂತನ್ನೇ.

ಇದು ನನಗೆ ಅಷ್ಟು ತಟ್ಟಿದ್ದಕ್ಕೆ ಕಾರಣವಿದೆ. ಇಪ್ಪತ್ಮೂರನೇ ವಯಸ್ಸಿನಲ್ಲಿ ಅಗ್ರಹಾರದ ಒಂದು ಮನೆಗೆ ಊಟದ ಮೇಜು ಮಾಡಿದೆ. ತೇಗದ್ದು, ಎಂಟು ಜನ ಕೂರುವಂಥದ್ದು, ಅಂಚಿಗೆಲ್ಲ ಬಳ್ಳಿ ಕೆತ್ತಿ. ಅಂಗಡಿಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಗಾಡಿಯಲ್ಲಿ ಹೇರಿಕೊಂಡು ಹೋದರೆ ಅವರ ಬಾಗಿಲಲ್ಲಿ ಹಿಡಿಯಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ. ಊಹೂಂ. ನಾಲ್ಕು ಜನ ಹಮಾಲರು ಬೆವರು ಸುರಿಸುತ್ತ ನನ್ನ ಮುಖ ನೋಡುತ್ತಿದ್ದರು. ನಿನ್ನ ತಾತ ಬಂದರು. ಒಂದು ಮಾತೂ ಆಡಲಿಲ್ಲ. ಗರಗಸ ತಂದು ಕೈಗೆ ಕೊಟ್ಟರು. ನನ್ನ ಬಳ್ಳಿಯ ನಡುವೆಯೇ ಮೇಜನ್ನು ಎರಡು ಮಾಡಿ, ಒಳಗೆ ಸಾಗಿಸಿ, ಮತ್ತೆ ಕೂಡಿಸಿದೆ. ಇವತ್ತಿಗೂ ಆ ಮೇಜು ಆ ಮನೆಯಲ್ಲಿದೆಯಂತೆ. ನಾನು ಆ ಬೀದಿಗೆ ಹೋಗುವುದಿಲ್ಲ.

ನಿನ್ನ ತಾತ ಮಾಡಿದ ಮಂಚಕ್ಕೆ ಒಂದು ಮೊಳೆ ಇರುತ್ತಿರಲಿಲ್ಲ, ಮರವಜ್ರವೂ ಇಲ್ಲ. ಬೆಣೆ ತಟ್ಟಿ ತೆಗೆದರೆ ನಾಲ್ಕು ಕಾಲು, ನಾಲ್ಕು ಪಟ್ಟಿ. ವಠಾರದ ಒಂದೂವರೆ ಮೊಳದ ಬಾಗಿಲಲ್ಲಿ ಒಬ್ಬ ಹೆಂಗಸು ಒಬ್ಬಳೇ ಸಾಗಿಸಬಹುದಿತ್ತು. ಅದನ್ನು ನಾವು ಬಡವರ ಮಂಚ ಅಂದುಕೊಂಡಿದ್ದೆವು.

ಇನ್ನು ನೀನು ನೋಡಬೇಕಾದ್ದಕ್ಕೆ ಬರುತ್ತೇನೆ.

ಜೋ ಪೊಂತಿಯ ‘ಸೂಪರ್‌ಲೆಜೆರಾ’ ಕುರ್ಚಿ ಎಲ್ಲಿ ಸಿಕ್ಕರೂ ಎತ್ತಿ ನೋಡು. ಕಸ್ಸೀನಾ ಕಂಪನಿ 1957ರಿಂದ ಮಾಡುತ್ತಿರುವುದು. ತೂಕ ಒಂದು ಕೆಜಿ ಏಳುನೂರು ಗ್ರಾಂ. ಚಿಕ್ಕ ಹುಡುಗ ಒಂದು ಬೆರಳಲ್ಲಿ ಎತ್ತಬಲ್ಲ. ಕಾಲುಗಳನ್ನು ದುಂಡಗೆ ಮಾಡದೆ ಮುಕ್ಕೋನ ಮಾಡಿದ್ದಾರೆ, ಹದಿನೆಂಟು ಮಿಲಿಮೀಟರ್ ಅಷ್ಟೆ. ನಮ್ಮ ಹೆಬ್ಬೆರಳಿಗಿಂತ ಸಣ್ಣ. ಅದು ಪೂರ್ತಿ ಪೊಂತಿಯ ತಲೆಯಿಂದ ಬಂದದ್ದೂ ಅಲ್ಲ, ಕ್ಯಾವರಿ ಎಂಬ ಊರಿನ ಬಡಗಿಗಳು ಹತ್ತೊಂಬತ್ತನೇ ಶತಮಾನದಿಂದ ಮಾಡುತ್ತ ಬಂದ ಹಗುರ ಕುರ್ಚಿಯನ್ನು ಇನ್ನಷ್ಟು ಹಗುರ ಮಾಡಿದ್ದು. ಕೂರುವಲ್ಲಿ ಬೆತ್ತದ ಹೆಣಿಗೆ. ಬೆತ್ತಕ್ಕೆ ಇಟಲಿಯವರು ಏನನ್ನುತ್ತಾರೆ ಗೊತ್ತೆ? ‘ಕಾನ್ನಾ ದಿಂಡಿಯಾ’. ಇಂಡಿಯಾದ ಜೊಂಡು! ನಮ್ಮ ಹೆಸರು ಅವರ ಕುರ್ಚಿಯ ಕೆಳಗಿದೆ. ನಾವೋ, ಮನೆಯ ಬೆತ್ತದ ಕುರ್ಚಿಯನ್ನು ಗುಜರಿಗೆ ಹಾಕಿ ರೆಕ್ಸಿನ್ ಸೋಫಾ ತಂದೆವು.

ಈ ಸಲ ಅಡುಗೆಮನೆಯ ಸರದಿ. ಸಮಸಂಖ್ಯೆಯ ವರ್ಷಗಳಲ್ಲಿ ಅಡುಗೆಮನೆ, ಬೆಸ ವರ್ಷಗಳಲ್ಲಿ ದೀಪ, ಹಾಗೆ ಪಾಳಿ. ನಾನು ಹೋದ ವರ್ಷವೂ ಅಡುಗೆಮನೆಯೇ. ನೀನು ದಿನಾ ಮಾಡ್ಯುಲರ್ ಕಿಚನ್ನಿನ ನಕ್ಷೆ ಬರೆಯುವವಳಾದ್ದರಿಂದ ಅಲ್ಲಿ ಹೊತ್ತು ಕಳೆಯುತ್ತೀಯ, ಕಳೆಯಬೇಕು. ಅವರ ಕೀಲು, ಅವರ ಡ್ರಾಯರ್ ಜಾರುಪಟ್ಟಿ, ಅವರ ಅಂಚು, ಅದನ್ನೆಲ್ಲ ಕಲಿಯದಿದ್ದರೆ ನಷ್ಟ ನಿನಗೇ. ಆದರೆ ನನಗೆ ಆ ಮಳಿಗೆಗಳಲ್ಲಿ ಒಂಥರಾ ಕಸಿವಿಸಿಯಾಗಿತ್ತು. ಒಲೆ ಇದೆಯೋ ಇಲ್ಲವೋ ಗೊತ್ತಾಗದಷ್ಟು ನುಣುಪು. ಬಾಗಿಲಿಗೆ ಹಿಡಿಯಿಲ್ಲ, ಮುಟ್ಟಿದರೆ ತೆರೆಯುತ್ತದೆ. ಒಂದು ಮಳಿಗೆಯಲ್ಲಂತೂ ಇಡೀ ಅಡುಗೆಮನೆಯನ್ನು ಒಂದು ಗೋಡೆಯೊಳಗೆ ಮಡಚಿ ಮುಚ್ಚಿದರು, ಅಡುಗೆ ಅನ್ನುವುದು ನಾಚಿಕೆಯ ಕೆಲಸವೋ ಎಂಬಂತೆ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ: ಒಗ್ಗರಣೆ ಸಿಡಿದರೆ ಯಾರು, ಎಷ್ಟು ಹೊತ್ತು ಒರೆಸಬೇಕು? ಹಿಟ್ಟು ರುಬ್ಬಿದ ಗ್ರೈಂಡರಿನ ಕಲ್ಲನ್ನು ಯಾರು, ಎಷ್ಟು ಎತ್ತರಕ್ಕೆ ಎತ್ತಬೇಕು? ನೀನು ಬರೆದ ಕಿಚನ್ನುಗಳಲ್ಲಿ ಅಡುಗೆಯಾದ ಮೇಲೆ ಕೆಲಸಕ್ಕೆ ಬರುವಾಕೆ ಎಲ್ಲಿ ನಿಲ್ಲುತ್ತಾಳೆ, ಆಕೆಯ ಮೊಣಕೈ ಎಲ್ಲಿಗೆ ಬರುತ್ತದೆ, ಒದ್ದೆ ಬಟ್ಟೆ ಎಲ್ಲಿ ಹರವುತ್ತಾಳೆ ಅಂತ ಒಂದು ಸಲ ಹೋಗಿ ನೋಡಿದ್ದೀಯಾ? ತಪ್ಪು ಹಿಡಿಯಲು ಕೇಳುತ್ತಿಲ್ಲ. ನಾನೂ ಹಮಾಲರನ್ನು ಮರೆತವನೇ.

1961 ಎಂಥ ವರ್ಷವೋ ನೋಡು. ಮಿಲಾನಿನಲ್ಲಿ ಈ ಜಾತ್ರೆ ಶುರುವಾದ ವರ್ಷವೇ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಅದಕ್ಕೆ ಮೂರು ವರ್ಷ ಮುಂಚೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ನಮ್ಮ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅತಿ ಹೆಚ್ಚು ಮೆಚ್ಚಿಕೊಂಡದ್ದು ಯಾವುದನ್ನು ಅಂದರೆ, ಚೊಂಬನ್ನು. ಅದನ್ನು ತಲೆ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ಹಿಡಿಯುವ ಕೈ ಎಷ್ಟು ದೊಡ್ಡದು, ಸುರಿಯುವುದು ಹೇಗೆ, ತೊಳೆಯುವುದು ಹೇಗೆ, ಇವನ್ನೆಲ್ಲ ಒಂದೊಂದಾಗಿ ಕೇಳಿಕೊಂಡು ಹೋಗಿದ್ದಾರೆ. ಇನ್ನು 1961ರಲ್ಲೇ ಇಟಲಿಯ ಡಿಸೈನರ್ ಎತ್ತೊರೆ ಸೊತ್ಸಾಸ್ ಭಾರತ ಸುತ್ತಿ ಹೋದರು. ಊರಿಗೆ ಮರಳಿ ಸಾಯುವಷ್ಟು ಕಾಯಿಲೆ ಬಿದ್ದು, ಬದುಕಿಕೊಂಡು, ಆಮೇಲೆ ಶಿವನಿಗೆ ಅರ್ಪಣೆ ಎಂಬ ಹೆಸರಿನಲ್ಲಿ ಮಣ್ಣಿನ ತಟ್ಟೆಗಳ ಸಾಲನ್ನೇ ಮಾಡಿದರು. ಇದೇ ಸೊತ್ಸಾಸ್ 1981ರಲ್ಲಿ, ಸಲೋನೆಯ ಹೊತ್ತಿಗೇ, ಅದರ ಹೊರಗೆ, ಒಂದು ಗ್ಯಾಲರಿಯಲ್ಲಿ ಮೆಂಫಿಸ್ ಗುಂಪಿನ ಸಾಮಾನು ಇಟ್ಟು ಎಲ್ಲರ ಹುಬ್ಬು ಏರಿಸಿದ್ದು. ನಾನು ಹೋದಾಗ ಅವರು ತೀರಿಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಊರಲ್ಲೆಲ್ಲ ಅವರದೇ ಮಾತು.

ಅವರ ‘ಕಾರ್ಲ್‌ಟನ್’ ಎಂಬ ಪುಸ್ತಕದ ಕಪಾಟು ನೋಡಿ ನನಗೆ ನಗು ಬಂತು. ಕೈಕಾಲು ಚಾಚಿ ನಿಂತ ದೃಷ್ಟಿಗೊಂಬೆಯ ಹಾಗಿದೆ. ಮಾಡಿರುವುದು ಯಾವುದರಿಂದ? ಲ್ಯಾಮಿನೇಟ್! ನಾವು ಸನ್‌ಮೈಕಾ ಅನ್ನುವ, ಹೋಟೆಲ್ ಮೇಜಿಗೆ ಅಂಟಿಸುವ ಅದೇ. ಮೂವತ್ತು ವರ್ಷ ನಾನು ಅದನ್ನು ಮರದ ಶತ್ರು ಅಂತ ಬೈದವನು. ಆ ಮನುಷ್ಯ ಅದನ್ನು ಮರದ ವೇಷ ಹಾಕಿಸದೆ ಸನ್‌ಮೈಕಾ ಆಗಿಯೇ ನಿಲ್ಲಿಸಿದ್ದ. ಇಷ್ಟವಾಗಲಿಲ್ಲ. ಆದರೆ ಮೋಸವಿರಲಿಲ್ಲ. ನನ್ನ ವ್ಯಾಪಾರಿಯ ಕಂಟೇನರಿನಲ್ಲಿ ಬಂದದ್ದು ಮೋಸ.

ಹೊಸ ಹುಡುಗರ ಅಂಗಣವೊಂದಿದೆ, ಸಲೋನೆ ಸ್ಯಾಟಲೈಟ್. ಮಾರ್ವಾ ಗ್ರಿಫಿನ್ ಎಂಬ ಹೆಂಗಸು 1998ರಲ್ಲಿ ಶುರುಮಾಡಿದ್ದು, ಮೂವತ್ತೈದರ ಒಳಗಿನವರಿಗೆ ಮಾತ್ರ. ದೊಡ್ಡ ಮಳಿಗೆಗಳಲ್ಲಿ ನಿನ್ನ ಕೊರಳಪಟ್ಟಿ ನೋಡಿ ಒಳಗೆ ಬಿಡಬೇಕೋ ಬೇಡವೋ ಅಂತ ಅಳೆಯುತ್ತಾರೆ. ಇಲ್ಲಿ ಮಾಡಿದವರೇ ಸ್ಟೂಲಿನ ಪಕ್ಕದಲ್ಲಿ ನಿಂತಿರುತ್ತಾರೆ, ಮಾತಿಗೆ ಹಸಿದಿರುತ್ತಾರೆ. ಎರಡು ದಿನ ಬೇಕಾದರೂ ಅಲ್ಲೇ ಕಳೆ. ನೀನೂ ಅಲ್ಲಿ ಏನಾದರೂ ಇಡಲು ಇನ್ನೂ ಒಂಬತ್ತು ವರ್ಷವಿದೆ, ಆತುರವಿಲ್ಲ ಅಂತ ದೊಡ್ಡಮ್ಮ ಹೇಳಲು ಹೇಳಿದಳು. ಚನ್ನಪಟ್ಟಣದ ಹಾಲೆ ಮರ, ಅರಗು, ತಿರುಗಣಿ, ಇದನ್ನು ಬರೀ ಗಿಲಕಿಗೆ ಮೀಸಲಿಡಬೇಕಿಲ್ಲ ಅಂತ ನಾನು ಹೇಳುತ್ತೇನೆ. ಉಳಿದದ್ದು ನಿನಗೆ ಬಿಟ್ಟದ್ದು.

ಸಂಜೆ ಮೈದಾನದಿಂದ ಊರಿಗೆ ವಾಪಸು ಬರಬೇಕು. ಅಸಲಿ ಹಬ್ಬ ಅಲ್ಲಿರುವುದು. ಫುವೊರಿಸಲೋನೆ, ಅಂದರೆ ಜಾತ್ರೆಯ ಹೊರಗಿನ ಜಾತ್ರೆ. ಬ್ರೆರಾ, ತೊರ್ತೋನಾ, ಬೀದಿ ಬೀದಿಗಳಲ್ಲಿ ಹಳೆ ಕಾರ್ಖಾನೆ, ಅರಮನೆಯ ಅಂಗಳ, ವಿಶ್ವವಿದ್ಯಾಲಯದ ಪಡಸಾಲೆ, ಎಲ್ಲ ಬಾಗಿಲೂ ತೆರೆದಿರುತ್ತವೆ. ದುಡ್ಡಿಲ್ಲದೆ ನೋಡುವಂಥದ್ದೇ ಹೆಚ್ಚು. ಅಂಗಳದಲ್ಲಿ ಇಟ್ಟದ್ದನ್ನು ಎರಡು ನಿಮಿಷ ನೋಡು, ಅಂಗಳವನ್ನು ಹತ್ತು ನಿಮಿಷ. ಮಾಮೂಲು ದಿನಗಳಲ್ಲಿ ಆ ಬಾಗಿಲುಗಳಲ್ಲಿ ಎಷ್ಟೋ ಮುಚ್ಚಿಯೇ ಇರುತ್ತವೆ. ಕೆಲವು ಕಡೆ ‘ಕಾಸಾ ದಿ ರಿಂಗಿಯೆರಾ’ ಎಂಬ ಹಳೆಯ ಮನೆಗಳು ಸಿಗುತ್ತವೆ. ನಡುವೆ ಅಂಗಳ, ಸುತ್ತ ಮಹಡಿ ಮಹಡಿಗೂ ಕಬ್ಬಿಣದ ಕಟಕಟೆಯ ಉದ್ದ ಮೊಗಸಾಲೆ, ಅದಕ್ಕೆ ಸಾಲಾಗಿ ತೆರೆಯುವ ಒಂದೊಂದು ಕೋಣೆಯ ಸಂಸಾರ, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ಪಾಯಿಖಾನೆ. ಕೂಲಿಕಾರರಿಗೆ ಕಟ್ಟಿದ್ದು. ನೋಡಿದೊಡನೆ ನನಗೆ ನಾವು ಹುಟ್ಟಿದ ವಠಾರವೇ ಮಹಡಿ ಹತ್ತಿ ನಿಂತಂತೆ ಕಂಡಿತು. ಈಗ ಅವಕ್ಕೆ ಭಾರೀ ಬೆಲೆಯಂತೆ. ನಮ್ಮ ವಠಾರದ ಜಾಗದಲ್ಲಿ ಏನಿದೆ ಅಂತ ನಿಮ್ಮಪ್ಪನನ್ನು ಕೇಳು.

ಊಟದ ವಿಷಯ ಒಂದು ಮಾತು. ಕೇಸರಿ ಹಾಕಿದ ಹಳದಿ ಅನ್ನ ಅಲ್ಲಿಯ ಹೆಸರಾಂತ ತಿಂಡಿ. ಚಿತ್ರಾನ್ನದ ತಮ್ಮ ಅಂದುಕೊಂಡು ಕೈ ಹಾಕಬೇಡ. ಹಳೇ ಪದ್ಧತಿಯಲ್ಲಿ ಮಾಡಿದ್ದಾದರೆ ಅದರಲ್ಲಿ ಮೂಳೆಯ ಮಜ್ಜೆ ಇರುತ್ತದೆ. ನನಗೆ ಹೇಳುವವರಿರಲಿಲ್ಲ. ದೊಡ್ಡಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಈ ಕಾಗದ ಅವಳ ಕೈಗೆ ಕೊಡಬೇಡ.

ಕೊನೆಯ ದಿನ ವ್ಯಾಪಾರಿ ನನ್ನನ್ನು ಬ್ರಿಯಾಂತ್ಸಾಗೆ ಕರೆದೊಯ್ದ. ಮಿಲಾನಿನ ಉತ್ತರಕ್ಕಿರುವ ಬಡಗಿಗಳ ಸೀಮೆ: ಕಾಂತು, ಮೆದಾ, ಲಿಸ್ಸೋನೆ. ಸಲೋನೆಯಲ್ಲಿ ಹೆಸರು ಮಾಡಿದ ಎಷ್ಟೋ ಕುರ್ಚಿ ಹುಟ್ಟುವುದು ಅಲ್ಲಿ. ಕಾಂತುವಿನ ಒಂದು ಚಿಕ್ಕ ಕಾರ್ಖಾನೆಗೆ ಹೋದೆವು. ನನ್ನ ಪ್ರಾಯದವನೇ ಒಬ್ಬ, ಕಿವಿಯಲ್ಲಿ ಪೆನ್ಸಿಲು. ಆಗಷ್ಟೇ ಮುಗಿಸಿದ ಮೂರು ಡ್ರಾಯರಿನ ಪೆಟ್ಟಿಗೆ ತೋರಿಸಿದ. ನಾನು ಏನೂ ಹೇಳದೆ ಕೆಳಗಿನ ಡ್ರಾಯರನ್ನು ಮೆಲ್ಲನೆ ಒಳಗೆ ತಳ್ಳಿದೆ. ಮೇಲಿನದು ತಾನಾಗಿ ಒಂದಂಗುಲ ಮುಂದೆ ಬಂತು. ಒಳಗಿನ ಗಾಳಿಗೆ ಹೋಗಲು ಬೇರೆ ಸಂದಿಲ್ಲದಷ್ಟು ಬಿಗಿ. ನಿನ್ನ ತಾತ ಕೆಲಸ ಒಪ್ಪಿಕೊಳ್ಳುವ ಮುಂಚೆ ಮಾಡುತ್ತಿದ್ದ ಪರೀಕ್ಷೆಯೇ ಅದು. ಆ ಮನುಷ್ಯ ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಎರಡು ಲೋಟ ಹಿಡಿದುಕೊಂಡು ಬಂದ. ಅದರಲ್ಲಿ ಏನಿತ್ತು ಅನ್ನುವುದೂ ದೊಡ್ಡಮ್ಮನಿಗೆ ಬೇಡ.

ನಿಮ್ಮ ಆಫೀಸಿನವರು ಕರೆದೊಯ್ಯದಿದ್ದರೂ ನೀನಾಗಿ ಆ ಕಡೆಯ ರೈಲು ಹತ್ತು. ಮಳಿಗೆಗಳಲ್ಲಿ ಮುಂದೆ ನಿಂತು ಫೋಟೋ ತೆಗೆಯುವವರು ಸಾವಿರ ಜನ ಇರುತ್ತಾರೆ, ನೀನು ಬಗ್ಗಿ ಕೆಳಗೆ ನೋಡು. ಕೂರಬಹುದಾದ್ದರಲ್ಲೆಲ್ಲ ಕೂರು. ಒಂದು ನಿಮಿಷವಲ್ಲ, ಬೆನ್ನು ಮಾತಾಡುವವರೆಗೆ. ಮತ್ತೊಂದು ವಿಷಯ: ಭಾನುವಾರ ಸಂಜೆ ಬಾಗಿಲು ಹಾಕುವವರೆಗೂ ಇರಲು ಸಾಧ್ಯವಾದರೆ ಇರು. ಆರು ದಿನಕ್ಕೆಂದು ಕಟ್ಟಿದ ಅರಮನೆಗಳನ್ನು ಬಿಚ್ಚಲು ಜನ ಬರುತ್ತಾರೆ. ನಾನು ಕಂಡಾಗ ಎಲ್ಲೆಲ್ಲಿಂದಲೋ ಬಂದ ಹುಡುಗರು, ಅವರ ಭಾಷೆ ಇಟಾಲಿಯನ್ನೂ ಅಲ್ಲ. ಬೆಳಗ್ಗೆ ಮುಟ್ಟಲು ಹೆದರುತ್ತಿದ್ದ ಗೋಡೆ ರಟ್ಟಿನಂತೆ ಮುರಿದು ಲಾರಿಗೆ ಬೀಳುತ್ತಿತ್ತು. ನನಗೆ ಹೊಟ್ಟೆ ಉರಿಯಿತು, ನಮ್ಮಲ್ಲಾದರೆ ಅಷ್ಟು ಹಲಗೆಯಲ್ಲಿ ಒಂದು ಶಾಲೆಗೆ ಬೆಂಚು ಮಾಡುತ್ತಿದ್ದೆವು.

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ನನ್ನ ಟೇಪು, ಅಂಗುಲವೂ ಸೆಂಟಿಮೀಟರೂ ಇರುವುದು. ಮೊದಲ ಎರಡು ಅಂಗುಲ ಅಳಿಸಿಹೋಗಿದೆ, ಹತ್ತರಿಂದ ಹಿಡಿದು ಲೆಕ್ಕ ಹಾಕು. ಮಿಲಾನಿನಲ್ಲಿ 1928ರ ಹಳದಿ ಟ್ರಾಮುಗಳು ಇನ್ನೂ ಓಡುತ್ತವೆ, ಒಂದನೇ ನಂಬರಿನ ಲೈನಿನಲ್ಲಿ ಸಿಗುತ್ತವೆ. ಒಳಗೆ ಎರಡೂ ಬದಿಗೆ ಉದ್ದಕ್ಕೆ ಮರದ ಪಟ್ಟಿಯ ಬೆಂಚು. ಇಡೀ ಊರಲ್ಲಿ ನನ್ನ ಬೆನ್ನಿಗೆ ಹಿತವಾಗಿದ್ದು ಅದೊಂದೇ. ಎಂಬತ್ತು ವರ್ಷ ಎಷ್ಟೋ ಜನ ಕೂತು ಎದ್ದು ನುಣುಪಾದ ಮರ. ಬೆನ್ನುಪಟ್ಟಿಯ ಬಾಗು ಎಷ್ಟಿರಬಹುದು ಅಂತ ಆಗ ಅಳೆಯಬೇಕೆಂದಿದ್ದೆ, ಟೇಪನ್ನು ಹೋಟೆಲಿನಲ್ಲೇ ಬಿಟ್ಟಿದ್ದೆ. ನೆಲದಿಂದ ಕೂರುವ ಹಲಗೆಯ ಎತ್ತರ, ಹಲಗೆಯ ಅಗಲ, ಪಟ್ಟಿಗೂ ಪಟ್ಟಿಗೂ ನಡುವಿನ ಸಂದು, ಬೆನ್ನಿನ ಓಟ, ಇವು ನಾಲ್ಕು ಬೇಕು. ಜನ ಕಡಿಮೆಯಿರುವಾಗ ಹತ್ತು, ಬೆಳಗಿನ ಹೊತ್ತು. ಜಗಲಿಯ ಬೆಂಚು ಲಡ್ಡಾಗಿದೆ, ನೀನು ಬಂದ ಮೇಲೆ ಹಲಸಿನ ಹಲಗೆ ಕುಯ್ಯಿಸುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಪ್ಪ